ಆಲೆಮನೆಯ ಹೊತ್ತು, ಸಂತೆಯ ಹೊತ್ತು

ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೆ ಬೀಳಬೇಕು. ಮಲ್ಲಿಗೆ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು, ಸಂಜೆ ಅದು ಮುಡಿಯಲ್ಲಿ ಅರಳಬೇಕು. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಐಸಿನ ಪೆಟ್ಟಿಗೆ ಸೇರದಿದ್ದರೆ ಮಧ್ಯಾಹ್ನದ ಹೊತ್ತಿಗೆ ಹುಳಿದು ಹೆಂಡ, ಅದರ ಹೆಸರೇ ಬೇರೆ. ಮೈಸೂರು, ಮಂಡ್ಯ ಕಡೆ ರಜೆಗೆ ಬರುವವರು ಅರಮನೆಯ ದೀಪ, ಬೃಂದಾವನದ ಕಾರಂಜಿ ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡು ಬರುತ್ತಾರೆ. ಈ ಸೀಮೆಯ ತಿನ್ನುವ, ಕುಡಿಯುವ ಪದಾರ್ಥ ಹೇಗೆ ಆಗುತ್ತದೆಂದು ನೋಡುವ ಆಸೆ ಇದ್ದರೆ ಆ ಗಡಿಯಾರ ಸಾಲದು. ಬೆಳೆಯ ಗಡಿಯಾರ ಬೇಕು. ಅದು ಬೆಳಗಿನ ಜಾವಕ್ಕೆ ಶುರುವಾಗಿ ಹತ್ತು ಗಂಟೆಗೆಲ್ಲ ಅರ್ಧ ಮುಗಿದಿರುತ್ತದೆ.

ಮೂರು ದಿನ ಸಾಕು. ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗಿನ ಅವಧಿ ಒಳ್ಳೆಯದು. ಅರೆದ ಕಬ್ಬಿನ ಸಿಪ್ಪೆ ಒಣಗಿರುವುದರಿಂದ ಆಲೆಮನೆಗಳ, ಅಂದರೆ ಬೆಲ್ಲ ಕಾಯಿಸುವ ಮನೆಗಳ ಒಲೆ ಚೆನ್ನಾಗಿ ಉರಿಯುತ್ತದೆ, ವೈನರಿಗಳಲ್ಲಿ ದ್ರಾಕ್ಷಿ ಹಿಂಡುವ ಕೆಲಸ ನಡೆಯುತ್ತದೆ, ಬಿಸಿಲು ಇನ್ನೂ ಮೈ ಸುಡುವುದಿಲ್ಲ. ದಸರೆಯಲ್ಲಿ ಮಾತ್ರ ಬೇಡ. ರೂಮಿನ ಬಾಡಿಗೆ ಏರಿರುತ್ತದೆ, ಮಾರುಕಟ್ಟೆಯೊಳಗೆ ಕಾಲಿಡಲು ಜಾಗವಿರುವುದಿಲ್ಲ, ಮಳೆ ಬಂದರೆ ಆಲೆಮನೆಯೂ ನಿಂತಿರುತ್ತದೆ.

ದಾರಿಯ ವಿಷಯ ಮೊದಲೇ ತಿಳಿದಿರಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್‌ನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್ ಮಾಡಿ ಸಾಗುತ್ತದೆ. ಅದರಲ್ಲಿ ಹೋದರೆ ಬೇಗ ತಲುಪುತ್ತೀರಿ, ಏನೂ ಸಿಗುವುದಿಲ್ಲ. ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವೂ ಇಲ್ಲ. ಕಬ್ಬಿನ ಗಾಡಿ, ಎಳನೀರಿನ ಲಾರಿ, ಸಂತೆಗೆ ಹೊರಟ ಗೂಡ್ಸ್ ಆಟೋ ಎಲ್ಲ ಹಳೇ ರಸ್ತೆಯಲ್ಲೋ ಸರ್ವೀಸ್ ರಸ್ತೆಯಲ್ಲೋ ಇರುತ್ತವೆ. ನೀವೂ ಅಲ್ಲೇ ಇರಿ.

ಮೊದಲ ದಿನ ಆಲೆಮನೆಗೆ. ಮಂಡ್ಯ ಕಬ್ಬಿನ ಸೀಮೆಯಾಗಿದ್ದು ತೀರಾ ಹಳೇ ಕತೆಯೇನಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಆಮೇಲೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ರಾಗಿ, ಹುರುಳಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದವು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಯಿತು, ಇವತ್ತೂ ಹೋಗುತ್ತದೆ. ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲೂ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲವೇ. ಗದ್ದೆಯಲ್ಲಿ ಬಹುಕಾಲ ಆಳಿದ ತಳಿ ಕೋ 62175. ಈಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಿಂದಲೇ ಬಂದ ವಿಸಿಎಫ್ 0517 ಕೂಡ ಕಾಣುತ್ತದೆ; ರೈತರ ಬಾಯಲ್ಲಿ ಅದು ‘ಬಾಹುಬಲಿ’.

ಆಲೆಮನೆಗೆ ಬೋರ್ಡು, ಟಿಕೆಟ್ಟು ಇರುವುದಿಲ್ಲ. ಮಂಡ್ಯ, ಪಾಂಡವಪುರ, ಮದ್ದೂರು ಸುತ್ತಿನ ಹಳ್ಳಿ ರಸ್ತೆಗಳಲ್ಲಿ ಹೊಗೆ ಮತ್ತು ವಾಸನೆ ಹಿಡಿದು ಹೋಗಬೇಕು. ಬೆಳಿಗ್ಗೆ ಆರರಿಂದ ಏಳರೊಳಗೆ ತಲುಪಿದರೆ ಒಂದು ಕೊಪ್ಪರಿಗೆ ಮೊದಲಿನಿಂದ ಕೊನೆಯವರೆಗೆ ನೋಡಲು ಸಿಗುತ್ತದೆ, ಅದಕ್ಕೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ‘ಅಣ್ಣಾ, ಬೆಲ್ಲ ಮಾಡೋದು ನೋಡ್ಬೋದಾ?’ ಎಂದು ಕೇಳಿದರೆ ಬೇಡ ಅನ್ನುವವರು ಕಡಿಮೆ. ಪಾಕದ ಹತ್ತಿರ ನಿಂತಿರುವವರು ಉತ್ತರ ಪ್ರದೇಶದಿಂದ ಬಂದ ಕೆಲಸಗಾರರಾಗಿದ್ದರೆ ಮಾತು ಹಿಂದಿಯಲ್ಲಿ ನಡೆಯಬೇಕಾದೀತು. ಮಕ್ಕಳನ್ನು ಕೊಪ್ಪರಿಗೆಯಿಂದ ಹತ್ತು ಅಡಿ ಆಚೆಗೇ ನಿಲ್ಲಿಸಿ. ಕುದಿಯುವ ನೀರು ಚಿಮ್ಮಿದರೆ ಜಾರಿ ಹೋಗುತ್ತದೆ, ಪಾಕ ಚಿಮ್ಮಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹವಾಯಿ ಚಪ್ಪಲಿ ಬೇಡ, ನೆಲವೆಲ್ಲ ಜಿಗುಟು.

ಲೆಕ್ಕ ಹೀಗೆ: ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕಿಲೋ ಹಾಲು. (ಇಲ್ಲಿ ಕಬ್ಬಿನ ರಸಕ್ಕೆ ಹಾಲು ಅನ್ನುತ್ತಾರೆ, ಎಮ್ಮೆಯದಲ್ಲ.) ಅದರಲ್ಲಿ ಸಿಹಿ ಹೆಚ್ಚುಕಡಿಮೆ ನೂರಕ್ಕೆ 18. ಕೊನೆಗೆ ಕೈಗೆ ಬರುವ ಬೆಲ್ಲ ಸುಮಾರು 100 ಕಿಲೋ. ಮಿಕ್ಕ 500 ಕಿಲೋ ನೀರು, ಅದನ್ನು ಆವಿಯಾಗಿ ಓಡಿಸುವುದೇ ಆಲೆಮನೆಯ ಅರ್ಧ ಕೆಲಸ. ಸೌದೆಯಾಗಿ ಅದೇ ಕಬ್ಬಿನ ಸಿಪ್ಪೆ. ಹಿಂದಿನ ದಿನಗಳಲ್ಲಿ ಅರೆದದ್ದನ್ನು ಬಯಲಲ್ಲಿ ಹರಡಿ ಒಣಗಿಸಿ ಒಲೆಗೆ ತಳ್ಳುತ್ತಾರೆ. ಮಳೆಗಾಲದಲ್ಲಿ ಒಲೆ ಆರುವುದು ಕಬ್ಬಿಲ್ಲದೆ ಅಲ್ಲ, ಒಣ ಸಿಪ್ಪೆ ಇಲ್ಲದೆ. ಒಂದು ಮಾತು: ಚಿಮಣಿಯಲ್ಲಿ ಕಪ್ಪು ಹೊಗೆ ಏಳುತ್ತಾ ರಬ್ಬರ್ ವಾಸನೆ ಬಂದರೆ ಗಾಡಿ ಮುಂದಕ್ಕೆ ಬಿಡಿ. ಒಲೆಗೆ ಟೈರು, ಪ್ಲಾಸ್ಟಿಕ್ಕು ತುರುಕುವವರೂ ಇದ್ದಾರೆ. ಕೊಪ್ಪರಿಗೆ ಪಕ್ಕ ಸಕ್ಕರೆ ಮೂಟೆ ಪೇರಿಸಿಟ್ಟಿದ್ದರೂ ಅಷ್ಟೆ. ಅಲ್ಲಿ ಸಕ್ಕರೆಗೆ ಬೆಲ್ಲದ ವೇಷ ಹಾಕುತ್ತಿರುತ್ತಾರೆ.

ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ಮೊದಲು ನೋಡಬೇಕಾದ್ದು ಮಡ್ಡಿ ತೆಗೆಯುವುದನ್ನು. ಕಾವು ಏರುತ್ತಿದ್ದಂತೆ ಹಸಿರು ಮಿಶ್ರಿತ ಕಂದು ಕೆನೆಯೊಂದು ಮೇಲೆ ಕಟ್ಟುತ್ತದೆ. ಕುದಿ ಬರುವ ಮೊದಲೇ ಅದನ್ನು ಜಾಲರಿಯಲ್ಲಿ ಬಳಿದು ತೆಗೆಯಬೇಕು. ಒಮ್ಮೆ ಕುದಿ ಒಡೆಯಿತೋ, ಮಡ್ಡಿಯೆಲ್ಲ ಹಾಲಿನೊಳಗೆ ಕದಡಿ ಹೋಗುತ್ತದೆ, ಆಮೇಲೆ ಯಾರ ಕೈಲೂ ಆಗುವುದಿಲ್ಲ. ಮಡ್ಡಿ ಚೆನ್ನಾಗಿ ಕಟ್ಟಲೆಂದು ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿ ಬಂದ ಲೋಳೆ ಹಾಕುವುದು ಹಳೇ ಪದ್ಧತಿ. ಕಸ, ಮೇಣ ಎಲ್ಲವೂ ಆ ಲೋಳೆಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಸುಣ್ಣದ ತಿಳಿಯೂ ಬೀಳುತ್ತದೆ, ಕಬ್ಬಿನ ಹಾಲಿಗೆ ಸಹಜವಾಗಿ ಇರುವ ಹುಳಿ ಮುರಿಯಲು. ಈ ಸುಣ್ಣದ ಕೈ ಬಲು ಸೂಕ್ಷ್ಮದ್ದು. ಕಡಿಮೆಯಾದರೆ ಬೆಲ್ಲ ಗಟ್ಟಿಯಾಗದೆ ಜಿನುಗುತ್ತದೆ, ಹೆಚ್ಚಾದರೆ ಕಪ್ಪಾಗಿ ನಾಲಿಗೆಗೆ ಚೌಳಿನ ರುಚಿ ಹತ್ತುತ್ತದೆ.

ಇನ್ನೊಂದು ಡಬ್ಬಿಯ ಮೇಲೂ ಕಣ್ಣಿರಲಿ: ಬಿಳಿ ಪುಡಿ, ಗಂಧಕದ ಘಾಟು. ಹೈಡ್ರೋಸ್ ಅಂದರೆ ಅದೇ, ಸೋಡಿಯಂ ಹೈಡ್ರೋಸಲ್ಫೈಟ್. ಹಾಕಿದೊಡನೆ ಕಂದು ಪಾಕ ಹಳದಿಗೆ ತಿರುಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ಆದರೆ ಕೊಪ್ಪರಿಗೆ ಮುಂದೆ ಅಳತೆ ನಡೆಯುವುದು ಹಿಡಿಯಲ್ಲಿ. ತಪ್ಪೆಲ್ಲ ಆಲೆಮನೆಯವರದು ಅನ್ನುವುದೂ ನ್ಯಾಯವಲ್ಲ. ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವವರು ಕೊಳ್ಳುವ ನಾವೇ.

ಇಡೀ ಬೆಳಗಿನ ಪೈಕಿ ನಿಂತು ನೋಡಲೇಬೇಕಾದ ಹತ್ತು ನಿಮಿಷ ಕೊನೆಯಲ್ಲಿ ಬರುತ್ತದೆ. ಅಲ್ಲಿಯತನಕ ಹಾಲಿನಂತೆ ಉಕ್ಕುತ್ತಿದ್ದ ನೊರೆ ತಗ್ಗಿ, ಗುಳ್ಳೆ ದಪ್ಪವಾಗಿ, ಸದ್ದು ಬದಲಾಗಿ ‘ಪದಕ್ ಪದಕ್’ ಎಂದು ನಿಧಾನವಾಗಿ ಒಡೆಯತೊಡಗುತ್ತದೆ. ಪಾಕದ ಮೇಸ್ತ್ರಿ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಾನೆ. ಹರಡಿದರೆ ಇನ್ನೂ ಹೊತ್ತಿದೆ. ಉಂಡೆಯಾದರೆ ಒಲೆಗೆ ಸಿಪ್ಪೆ ತಳ್ಳುವವನಿಗೆ ನಿಲ್ಲಿಸು ಎಂದು ಕೂಗು ಹೋಗುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ 116ರಿಂದ 118 ಡಿಗ್ರಿ ಸೆಲ್ಸಿಯಸ್. ನೀರಾಗಿಯೇ ಉಳಿಯುವ ಜೋನಿ ಬೆಲ್ಲಕ್ಕೆ 105–106ರಲ್ಲೇ ಇಳಿಸಬೇಕು, ಪುಡಿ ಬೆಲ್ಲಕ್ಕೆ 120 ದಾಟಿಸಬೇಕು. ಒಂದೇ ಕೊಪ್ಪರಿಗೆ, ಹದಿನೈದು ಡಿಗ್ರಿಯ ಅಂತರದಲ್ಲಿ ಮೂರು ಪದಾರ್ಥ. ಒಂದು ನಿಮಿಷ ಮೈಮರೆತರೆ ಕಹಿ ಹತ್ತುತ್ತದೆ, ಬೆಳಗಿನ ಕೆಲಸ ಅಲ್ಲಿಗೆ ಹಾಳು. ಪಾಕವನ್ನು ಅಗಲದ ತೊಟ್ಟಿಗೆ ಹುಯ್ದು ಗೋರುಮಣೆಯಲ್ಲಿ ಎಳೆದಾಡುತ್ತಾ ಆರಿಸಿ, ಬಿಸಿ ಇರುವಾಗಲೇ ಅಚ್ಚಿಗೋ ಬಕೆಟ್ಟಿಗೋ ತುಂಬುತ್ತಾರೆ. ಅಚ್ಚು, ಉಂಡೆ, ಬಕೆಟ್, ಕುರಿಕಾಟು ಎಂದು ಮಂಡ್ಯದ ಎಪಿಎಂಸಿಯಲ್ಲಿ ಕೂಗುವುದು ಆಕಾರ ಮತ್ತು ಗುಣದ ಹೆಸರುಗಳನ್ನೇ.

ಎಷ್ಟು ಕುದಿಸಿದರೂ ಅಚ್ಚಿನಲ್ಲಿ ನಿಲ್ಲದ ಪಾಕವೂ ಇದೆ. ಕಾರಣ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಬಾಡಿದ ಕಬ್ಬು. ಕಡಿದು ಎರಡು ಮೂರು ದಿನ ಬಿದ್ದಿದ್ದರೆ ಅದರೊಳಗಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಅವು ಹರಳುಗಟ್ಟುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಯೂರಿಯಾ ಅತಿಯಾಗಿ ಉಂಡ ಕಬ್ಬಿನ ಬೆಲ್ಲವೂ ಮೆತ್ತಗೆ. ನೀರು ನಿಂತು ಚೌಳಾದ ಗದ್ದೆಯ ಕಬ್ಬಾದರೆ ಬೆಲ್ಲದಲ್ಲೇ ಉಪ್ಪಿನ ಎಳೆ ಇರುತ್ತದೆ.

ಕೊಳ್ಳುವಾಗ ಒಡೆದು ನೋಡಿ. ಒಳಗೆ ಸಣ್ಣ ಹರಳಿನ ಮಿಂಚು, ಬೆರಳಿಗೆ ಅಂಟದ ಗಟ್ಟಿತನ ಬೇಕು. ಬಣ್ಣ ಜೇನಿನಿಂದ ತಿಳಿಗಂದಿನವರೆಗೆ ಇದ್ದರೆ ಸರಿ. ನಿಂಬೆಹಳದಿ ಬೇಡ. ಹಾಗೆಂದು ಕಪ್ಪಾಗಿದ್ದೆಲ್ಲ ‘ಸಾವಯವ’ ಎಂದು ನಂಬಿ ಎರಡರಷ್ಟು ದುಡ್ಡು ಕೊಡಬೇಡಿ. ಸೀದ ಪಾಕ, ಹೆಚ್ಚಾದ ಸುಣ್ಣ, ಹಳೇ ಕಬ್ಬು ಇವೂ ಕಪ್ಪೇ ಕೊಡುತ್ತವೆ. ಚೂರು ಬೆಲ್ಲವನ್ನು ಲೋಟ ನೀರಲ್ಲಿ ಕರಗಿಸಿ ತಳ ನೋಡಿ. ಆ ತಳಕ್ಕೆ ನಿಂಬೆರಸ ಹಿಂಡಿದಾಗ ಬುರುಬುರು ಅಂದರೆ ಸೀಮೆಸುಣ್ಣವೋ ಸೋಡಾವೋ ಸೇರಿದೆ. ಎಳ್ಳುಬೆಲ್ಲಕ್ಕೆ ಹೆಚ್ಚಲು ಅಚ್ಚು ಬೆಲ್ಲ, ಪಾಯಸ, ಹೋಳಿಗೆಗೆ ಉಂಡೆ ಬೆಲ್ಲ ಸಾಕು.

ಮಾರನೆಯ ದಿನ ವೈನರಿ. ಅದು ಮೈಸೂರಲ್ಲೂ ಇಲ್ಲ, ಮಂಡ್ಯದಲ್ಲೂ ಇಲ್ಲ ಎಂಬುದನ್ನು ಮುಚ್ಚಿಡುವುದು ಬೇಡ. ಬೇರು ನೆನೆದಿರುವುದು ದ್ರಾಕ್ಷಿ ಬಳ್ಳಿಗೆ ಆಗದು, ನಾಲೆ ಬಯಲು ಕಬ್ಬಿಗೇ ಸರಿ. ಕರ್ನಾಟಕದ ದ್ರಾಕ್ಷಿ ಇರುವುದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ವಿಜಯಪುರ, ಬಾಗಲಕೋಟೆ ಕಡೆ. 2007ರ ದ್ರಾಕ್ಷಾರಸ ನೀತಿ ಬಂದ ಮೇಲೆ ವೈನರಿಗಳು ಹೆಚ್ಚಿದವು. ನಮ್ಮ ದಾರಿಗೆ ಹತ್ತಿರದ್ದು ಚನ್ನಪಟ್ಟಣದ ಬಳಿ ಬೈರಾಪಟ್ಟಣದಲ್ಲಿರುವ ಹೆರಿಟೇಜ್ ವೈನರಿ. ಫೋನ್ ಮಾಡಿಯೇ ಹೋಗಿ. ಗಾಂಧಿ ಜಯಂತಿ, ಚುನಾವಣೆಯ ದಿನಗಳಂಥ ಮದ್ಯ ಮಾರಾಟ ನಿಷೇಧದ ದಿನಗಳನ್ನೂ ನೋಡಿಕೊಳ್ಳಿ.

ಆಲೆಮನೆ ನೋಡಿ ಬಂದ ಮಾರನೇ ದಿನವೇ ಇಲ್ಲಿಗೆ ಬರಬೇಕು ಅನ್ನುವುದಕ್ಕೆ ಕಾರಣವಿದೆ. ಎರಡೂ ಕಡೆ ಇರುವುದು ಸಿಹಿ ರಸ, ಅದನ್ನು ಹುಳಿಸಲು ಕಾದು ಕೂತ ಯೀಸ್ಟು ಎಂಬ ಸೂಕ್ಷ್ಮಜೀವಿ. ಆಲೆಮನೆ ಆ ಜೀವಿ ಬಾಯಿ ಹಾಕುವ ಮೊದಲೇ ರಸವನ್ನು ಕುದಿಸಿ ಗೆಲ್ಲುತ್ತದೆ. ವೈನರಿ ಅದೇ ಜೀವಿಯನ್ನು ಕರೆದು, ತೊಟ್ಟಿಯೊಳಗೆ ಬಿಟ್ಟು, ತಣ್ಣಗಿಟ್ಟು ಸಾಕುತ್ತದೆ. ಒಂದು ಲೀಟರ್ ರಸದ ಸುಮಾರು 17 ಗ್ರಾಂ ಸಕ್ಕರೆ ಶೇಕಡಾ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಹಾಗಾಗಿ ನೂರಕ್ಕೆ 22ರಷ್ಟು ಸಿಹಿ ಇರುವ ದ್ರಾಕ್ಷಿಯಿಂದ 12ರ ಆಸುಪಾಸಿನ ವೈನು. ಕೆಂಪು ವೈನಿಗೆ ಸಿಪ್ಪೆ ಸಮೇತ 25–28 ಡಿಗ್ರಿಯಲ್ಲಿ ಹುಳಿಸುತ್ತಾರೆ, ಬಣ್ಣ, ಒಗರು ಎಲ್ಲ ಸಿಪ್ಪೆಯದ್ದೇ. ಒಳಗಿನ ಗಾಳಿ ಸಿಪ್ಪೆಯನ್ನು ಮೇಲಕ್ಕೆ ದೂಡಿ ದಪ್ಪ ಹೊದಿಕೆ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಕೆಳಗೆ ಅದುಮಬೇಕು, ಇಲ್ಲವೇ ಅಡಿಯ ರಸವನ್ನು ಪಂಪಿನಿಂದ ಮೇಲೆ ಹುಯ್ಯಬೇಕು. ಬಿಟ್ಟರೆ ಹೊದಿಕೆ ಒಣಗಿ ವಿನೆಗರ್ ವಾಸನೆ ಶುರು. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ಆಚೆ ಹಾಕಿ, 12–18 ಡಿಗ್ರಿಯಲ್ಲಿ ನಿಧಾನವಾಗಿ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿ ಇದೆ. ಕ್ಯಾಬರ್ನೆ, ಶಿರಾಜ್‌ನಂಥ ವಿದೇಶಿ ವೈನ್ ದ್ರಾಕ್ಷಿಗಳ ಬಳಗ ಅದಲ್ಲ, ಬೇರೆಯೇ ಜಾತಿ. ಸಿಹಿ ವೈನಿಗೂ ಜ್ಯೂಸಿಗೂ ಚೆನ್ನಾಗಿ ಒಗ್ಗುತ್ತದೆ. ಅದರ ಘಮಲು ಗೊತ್ತಿರುವವರು ಲೋಟ ಮೂಗಿನ ಹತ್ತಿರ ತಂದೊಡನೆ ಹೇಳಿಬಿಡುತ್ತಾರೆ.

ರುಚಿ ನೋಡುವ ದಿನ ಮಲ್ಲಿಗೆ ಮುಡಿದು ಹೋಗಬೇಡಿ. ಒಂದು ಮಾರು ಮಲ್ಲಿಗೆ ಇರುವ ಕೋಣೆಯಲ್ಲಿ ಬಿಳಿ ವೈನಿನ ವಾಸನೆ ಯಾರಿಗೂ ಸಿಗದು. ಎಲೆಅಡಿಕೆ ಜಗಿದ ಬಾಯಿಯೂ ಅಂದು ಕೆಲಸಕ್ಕೆ ಬರುವುದಿಲ್ಲ, ಸುಣ್ಣ ನಾಲಿಗೆಯನ್ನು ಮರಗಟ್ಟಿಸಿರುತ್ತದೆ. ಹೊಟ್ಟೆಗೆ ಮೊದಲೇ ಏನಾದರೂ ಬಿದ್ದಿರಲಿ, ಮದ್ದೂರು ವಡೆಯಾದರೆ ಖಾರದ ಚಟ್ನಿ ಬಿಟ್ಟು. ಬಿಳಿಯಿಂದ ಕೆಂಪಿಗೆ, ಕೊನೆಗೆ ಸಿಹಿ, ಇದೇ ಕ್ರಮ. ಸಿಹಿ ಮೊದಲು ಕುಡಿದರೆ ಮಿಕ್ಕದ್ದೆಲ್ಲ ಹುಣಸೆನೀರು. ಉಗುಳಲು ಪಾತ್ರೆ ಇಟ್ಟಿದ್ದರೆ ನಾಚಿಕೆ ಬೇಡ, ಅದು ಅದಕ್ಕೇ ಇರುವುದು. 30 ಮಿಲಿಯ ಐದು ಗುಟುಕು ಸೇರಿದರೆ 150 ಮಿಲಿ, ಅಂದರೆ 14 ಗ್ರಾಂ ಆಲ್ಕೋಹಾಲ್. ಗಾಡಿ ಓಡಿಸುವವರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಬಾರದು. 60 ಕಿಲೋ ತೂಕದ ಆಸಾಮಿಗೆ ಅಷ್ಟು ಕುಡಿದರೇ ಮಿತಿ ಮೀರಬಹುದು. ಹಾಗಾಗಿ ಅಂದು ಕಾರು ಬಿಟ್ಟು ಪ್ಯಾಸೆಂಜರ್ ರೈಲು ಹಿಡಿಯುವುದು ವಾಸಿ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ನಿಲ್ಲಿಸಿಕೊಂಡು ಚನ್ನಪಟ್ಟಣಕ್ಕೆ ಬಿಡುತ್ತದೆ, ಅಲ್ಲಿಂದ ಆಟೋ.

ಮೂರನೇ ದಿನ ಮೈಸೂರಿನ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ, ಏಳು ಗಂಟೆಯೊಳಗೆ. ಕುಂಕುಮದ ಗೋಪುರಗಳ ಫೋಟೋ ಮಧ್ಯಾಹ್ನವೂ ಸಿಗುತ್ತದೆ, ಹೂವಿನ ಸಾಲು ಹಾಗಲ್ಲ. 2016ರಲ್ಲಿ ಒಂದು ಭಾಗ ಕುಸಿದಾಗಿನಿಂದ ಕಟ್ಟಡ ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ಜಗಳ ನಡೆದೇ ಇದೆ. ಮಳೆ ಬಂದ ದಿನ ತಲೆ ಮೇಲೂ ಒಂದು ಕಣ್ಣಿಟ್ಟು ನಡೆಯಿರಿ.

ಹೂವಿಗೆ ಮೊಳ, ಮಾರು ಲೆಕ್ಕ. ಅಳೆಯುವುದು ಮಾರುವವರ ಕೈ. ಕುಳ್ಳಗಿರುವವರ ಬಳಿ ಕೊಂಡರೆ ಮಾರು ಸಣ್ಣದು, ಇದಕ್ಕೆ ತಕರಾರು ನಡೆಯದು. ಮೊಗ್ಗು ಬಾಯಿ ಮುಚ್ಚಿರಬೇಕು, ತೊಟ್ಟಿನ ಹತ್ತಿರ ಕಂದು ತಿರುಗಿರಬಾರದು, ದಾರ ಕಾಣದಷ್ಟು ಒತ್ತಾಗಿ ಕಟ್ಟಿರಬೇಕು. ಬಾಳೆಲೆಯಲ್ಲಿ ಸುತ್ತಿಸಿಕೊಳ್ಳಿ. ನೀರು ಚಿಮುಕಿಸಬಹುದು, ನೆನೆಸಬಾರದು. ಪ್ಲಾಸ್ಟಿಕ್ ಕವರಿನಲ್ಲಿ ಹೂವು ಬೆವರಿ ಬೇಯುತ್ತದೆ.

ಪಕ್ಕದಲ್ಲೇ ಬಾಳೆಹಣ್ಣಿನ ಸಾಲು. ನಂಜನಗೂಡು ರಸಬಾಳೆ ಕೇಳಿದರೆ ಇದೆ ಅನ್ನುವವರು ಬಹಳ, ಇರುವುದು ಕಡಿಮೆ. ಪನಾಮ ಸೊರಗು ರೋಗ ಆ ತೋಟಗಳನ್ನು ನುಂಗಿತು. ಮಣ್ಣಿನ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟುತ್ತದೆ, ಹಳೇ ಎಲೆಗಳು ಹಳದಿಯಾಗಿ ಜೋತು ಬೀಳುತ್ತವೆ, ಮಣ್ಣಲ್ಲಿ ಅದು ದಶಕಗಟ್ಟಲೆ ಉಳಿಯುವುದರಿಂದ ಅದೇ ತೋಟದಲ್ಲಿ ಮತ್ತೆ ಹಾಕಿದರೂ ಫಲವಿಲ್ಲ. ನಿಜವಾದ ರಸಬಾಳೆ ಗುಂಡಗೆ, ಸಿಪ್ಪೆ ತೆಳು, ಹಣ್ಣಾದರೆ ಕಳೆಗುಂದಿ ಕಪ್ಪು ಚುಕ್ಕೆ ಏಳುತ್ತದೆ. ನೋಡಲು ಕೊಳೆತ ಹಾಗಿರುತ್ತದೆ, ತಿನ್ನುವ ಹದ ಅದೇ. ಹಳದಿ ಹೊಳೆಯುವಾಗ ತಿಂದು ಒಗರು ಎಂದು ಬೈಯುವುದು ರಸಬಾಳೆಯ ತಪ್ಪಲ್ಲ.

ವೀಳ್ಯದೆಲೆಯಲ್ಲಿ ಚಿಗುರೆಲೆ ಕೇಳಿ. ಕಟ್ಟು ಬಿಚ್ಚಿಸಿ ನಡುವಿನ ಎಲೆ ನೋಡಿ, ಮೇಲಿನದ್ದು ಯಾವತ್ತೂ ಚೆನ್ನಾಗೇ ಇರುತ್ತದೆ. ಒಂದು ಕೊಳೆತ ಎಲೆ ಇದ್ದರೂ ಇಡೀ ಕಟ್ಟಿಗೆ ಹಬ್ಬುತ್ತದೆ, ಅದನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ನಾಲ್ಕೈದು ದಿನ ತಡೆಯುತ್ತದೆ. ತರಕಾರಿಗೆ ಎಂ.ಜಿ. ರಸ್ತೆಯ ಬೆಳಗಿನ ಮಾರುಕಟ್ಟೆ ವಾಸಿ. ಬಂಡಿಪಾಳ್ಯದ ಎಪಿಎಂಸಿ ಮೂಟೆ ಲೆಕ್ಕದವರಿಗೆ. ಈರನಗೆರೆ ಬದನೆ ಕಂಡರೆ ಬಿಡಬೇಡಿ, ವಾಂಗೀಬಾತ್ ಅದಕ್ಕೇ ಹುಟ್ಟಿದ್ದು. ತೊಟ್ಟು ಹಸಿರಾಗಿ ಮುಳ್ಳು ಚುಚ್ಚುವಂತಿರಬೇಕು, ಒತ್ತಿದರೆ ಮತ್ತೆ ಎದ್ದು ಬರಬೇಕು. ಗಾತ್ರಕ್ಕಿಂತ ಭಾರವಾದದ್ದರಲ್ಲಿ ಬೀಜ ಬಲಿತಿರುತ್ತದೆ.

ಹಳ್ಳಿ ಸಂತೆಗೆ ಊರೂರಿಗೆ ಒಂದೊಂದು ವಾರ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೇಳಿದರೆ ಗೂಗಲ್‌ಗಿಂತ ಸರಿಯಾಗಿ ಹೇಳುತ್ತಾರೆ. ಮೇ, ಜೂನ್‌ನಲ್ಲಿ ಬರುವವರಿಗೆ ಆಲೆಮನೆ, ದ್ರಾಕ್ಷಿ ಎರಡೂ ತಪ್ಪಿದರೂ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಬಡಾ ಬಾಗ್ ಇದೆ, ನೂರಕ್ಕೂ ಹೆಚ್ಚು ಬಗೆಯ ಮಾವು. ಅವರು ಉಳಿಸಿಕೊಂಡು ಬಂದಿರುವ ಭತ್ತದ ತಳಿಗಳ ಸಂಗ್ರಹ ನೋಡಲು ಬೇರೆಯೇ ಅರ್ಧ ದಿನ ಬೇಕು.

ಹೊರಡುವಾಗ ಕಾರಿನ ಡಿಕ್ಕಿ ತುಂಬುವುದಕ್ಕೂ ಒಂದು ಕ್ರಮವಿದೆ. ಮದ್ದೂರಿನಲ್ಲಿ ಕೊಂಡ ಎಳನೀರು ಅಡಿಗೆ. ಬೆಲ್ಲವನ್ನು ಅದರ ಪಕ್ಕ ಇಡಬೇಡಿ, ತೇವ ಎಳೆದುಕೊಳ್ಳುತ್ತದೆ; ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ ಹಿಂದಿನ ಸೀಟಿಗೆ ತನ್ನಿ. ವೈನ್ ಬಾಟಲಿ ಡಿಕ್ಕಿಯಲ್ಲಿ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರಿನ ಶಾಖಕ್ಕೆ ಕಾರ್ಕ್ ಮೇಲೆದ್ದು ಒಳಗಿನದು ಬೆಂದ ಹಣ್ಣಿನ ರುಚಿಗೆ ತಿರುಗುತ್ತದೆ. ಒದ್ದೆ ಟವೆಲ್ ಸುತ್ತಿ ಕಾಲಿನ ಹತ್ತಿರ ಮಲಗಿಸಿ, ಬಿಲ್ಲು ಜೇಬಿನಲ್ಲಿರಲಿ. ರಸಬಾಳೆಯ ಚಿಪ್ಪನ್ನು ಮೇಲಿನ ಕೊಕ್ಕೆಗೆ ನೇತುಹಾಕಿ, ಅದು ಯಾವುದಕ್ಕೂ ತಾಗಬಾರದು. ಮಲ್ಲಿಗೆ ಮಾತ್ರ ಯಾರದಾದರೂ ತೊಡೆಯ ಮೇಲೆ, ಬಾಳೆಲೆ ಬಿಚ್ಚದೆ, ಏಸಿಯ ಗಾಳಿ ನೇರ ಬೀಳದ ಹಾಗೆ. ಚನ್ನಪಟ್ಟಣ ದಾಟುವ ಹೊತ್ತಿಗೆ ಸಂಜೆಯಾಗಿದ್ದರೆ ಅದು ಅರಳಲು ಶುರುವಾಗಿರುತ್ತದೆ.